ದಪ್ಪ ಟೈರಿಗೆ ಮುಳ್ಳು ಚುಚ್ಚುವುದಿಲ್ಲವೇ?

ನಾಲ್ಕಿಂಚು ಅಗಲದ ಟೈರಿನ ಸೈಕಲ್ಲನ್ನು, ಅಂದರೆ ಫ್ಯಾಟ್ ಬೈಕನ್ನು, ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಚಹಾ ಅಂಗಡಿ ಮುಂದೆ ನಿಲ್ಲಿಸಿ ನೋಡಿ. "ಬ್ಯಾಟರೀದಾ?" ಎಂದು ಒಬ್ಬರು ಕೇಳುತ್ತಾರೆ. "ಇದಕ್ಕೆ ಪಂಕ್ಚರ್ರೇ ಆಗಲ್ಲ ಬಿಡ್ರಿ" ಎಂದು ಇನ್ನೊಬ್ಬರು ತೀರ್ಪು ಕೊಟ್ಟೇಬಿಡುತ್ತಾರೆ. ಆ ತೀರ್ಪನ್ನು ನಂಬಿ ಹೊರಟವರು ಸೈಕಲ್ ತಳ್ಳಿಕೊಂಡು ಊರು ಸೇರುತ್ತಾರೆ.

ನಮ್ಮ ಸೀಮೆಯಲ್ಲಿ ಮಳೆಗೆ ಬರವಿರಬಹುದು, ಮುಳ್ಳಿಗಿಲ್ಲ. ರಸ್ತೆ ಬದಿಗೆ ಬಳ್ಳಾರಿ ಜಾಲಿ, ಹೊಲದ ದಾರಿಯಲ್ಲಿ ನೆಗ್ಗಿಲು. ಟೈರ್ ಅಗಲವಿದ್ದ ಮಾತ್ರಕ್ಕೆ ರಬ್ಬರ್ ದಪ್ಪ ಇರುವುದಿಲ್ಲ; ಹಲ್ಲುಗಳ ನಡುವಿನ ಜಾಗ ತೆಳುವೇ. ಮೇಲಾಗಿ ಅಗಲ ಹೆಚ್ಚಿದಷ್ಟೂ ದಾರಿಯ ಮುಳ್ಳು ಹೆಚ್ಚು ಹತ್ತುತ್ತವೆ. ಜಾಲಿ ಮುಳ್ಳಿನ ದೊಡ್ಡ ಕಾಟವೆಂದರೆ ಹೊರಗಿನದು ಮುರಿದು ಬಿದ್ದರೂ ಮೊನೆ ಟೈರಿನೊಳಗೇ ಉಳಿಯುವುದು. ಪ್ಯಾಚ್ ಹಾಕಿ ಗಾಳಿ ತುಂಬಿದರೆ ಅದೇ ಜಾಗದಲ್ಲಿ ಮತ್ತೆ ತೂತು. ಟ್ಯೂಬ್ ತೆಗೆದ ಮೇಲೆ ಹತ್ತಿಯ ಉಂಡೆಯನ್ನು ಟೈರಿನ ಒಳಮೈಗೆ ಸುತ್ತಲೂ ಸವರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮೊನೆ ಇದೆ. ಟ್ಯೂಬಿಗೆ ಮೋಟಾರ್ ಬೈಕ್ ಥರದ ವಾಲ್ವ್ ಇದ್ದರೆ ಪಿನ್ ಬಿಚ್ಚಿ ಸೀಲೆಂಟ್ ಹಾಕಿಸಬಹುದು. ಸಣ್ಣ ತೂತುಗಳನ್ನು ಅದು ತಾನೇ ಮುಚ್ಚುತ್ತದೆ. ಈ ಸೀಮೆಯಲ್ಲಿ ಮೊದಲು ಮಾಡಿಸಬೇಕಾದ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

"ಗಾಳಿ ಗಟ್ಟಿಯಾಗಿರಲಿ" ಎನ್ನುವುದು ಪಂಕ್ಚರ್ ಆಗಲ್ಲ ಎನ್ನುವುದಕ್ಕಿಂತಲೂ ಅಪಾಯದ ನಂಬಿಕೆ. ಪಂಕ್ಚರ್ ಅಂಗಡಿಯಲ್ಲಿ ಮಾಮೂಲಿ ಸೈಕಲ್ಲಿನ ಲೆಕ್ಕದಲ್ಲೇ 40 ಪಿಎಸ್‌ಐ ಹೊಡೆದುಬಿಡುತ್ತಾರೆ. ಒತ್ತಡ ಒಂದೇ ಇದ್ದರೂ ನಾಲ್ಕಿಂಚಿನ ಟೈರಿನ ಮೈ ಮೇಲೆ ಬೀಳುವ ಎಳೆತ ಎರಡಿಂಚಿನದ್ದಕ್ಕಿಂತ ಸುಮಾರು ಎರಡರಷ್ಟು. ಟೈರ್ ರಿಮ್ ಬಿಟ್ಟು ಹಾರಬಹುದು. ಡಾಂಬರಿಗೆ 15ರಿಂದ 20 ಸಾಕು, ಗರಸು ದಾರಿಗೆ ಹತ್ತರ ಆಸುಪಾಸು, ಹಿರಿಯೂರಿನ ವೇದಾವತಿಯ ಒಣ ಮರಳಿಗೆ ಇನ್ನೂ ಕಡಿಮೆ. ಟೈರಿನ ಪಕ್ಕದಲ್ಲಿ ಅಚ್ಚಾದ ಮಿತಿಯನ್ನಂತೂ ಮೀರಬೇಡಿ. ಕಂಪ್ರೆಸರ್ ಗೇಜಿನ ಮುಳ್ಳಿನಲ್ಲಿ ಇಷ್ಟು ಸಣ್ಣ ಅಂಕಿ ಸರಿಯಾಗಿ ತೋರುವುದಿಲ್ಲ. ಕಡಿಮೆ ಒತ್ತಡ ಅಳೆಯುವ ಸ್ವಂತ ಗೇಜ್ ಇರಲಿ.

ಈ ಸೈಕಲ್ ಹುಟ್ಟಿದ್ದೇ ಕಡಿಮೆ ಗಾಳಿಗಾಗಿ. ಅಲಾಸ್ಕದ ಹಿಮದಲ್ಲಿ ಸವಾರರು ಎರಡು ರಿಮ್ ಜೋಡಿಸಿ ಬೆಸುಗೆ ಹಾಕಿಕೊಂಡರು. ನ್ಯೂ ಮೆಕ್ಸಿಕೋದ ಮರಳಿಗಾಗಿ ರೇ ಮೊಲಿನಾ ಎಂಬಾತ ಅಗಲ ರಿಮ್, ಟೈರ್ ಮಾಡಿಸಿದ. 2005ರಲ್ಲಿ ಸರ್ಲಿ ಕಂಪನಿಯ ಪಗ್ಸ್ಲಿ ಬಂದ ಮೇಲೆ ಇದು ಅಂಗಡಿಯಲ್ಲಿ ಸಿಗುವ ಸರಕಾಯಿತು.

ಹಾಗೆಂದು ಎಲ್ಲೆಂದರಲ್ಲಿ ಹೋಗುವುದೂ ಇಲ್ಲ. ಮರಳಿನಲ್ಲಿ ತೇಲುವ ಟೈರು ಮಳೆ ಬಿದ್ದ ಎರೆಹೊಲದಲ್ಲಿ ಹತ್ತು ಮಾರು ಹೋಗುವುದೂ ಕಷ್ಟ. ಎರೆಮಣ್ಣು ಅಗಲ ಟೈರಿಗೆ ಮೆತ್ತಿಕೊಂಡು ಫೋರ್ಕ್ ನಡುವೆ ತುಂಬಿ ಚಕ್ರವನ್ನೇ ಹಿಡಿದುಬಿಡುತ್ತದೆ. ಕಡ್ಡಿ ತೆಗೆದುಕೊಂಡು ಕೆರೆಯುತ್ತ ಕೂರುವುದೇ ಗತಿ. ಹೊಲ ಒಣಗುವ ತನಕ ಆ ಕಡೆ ಹೋಗದಿರುವುದೇ ಜಾಣತನ.

"ಮನೇಲಿರೋ ಹಳೇ ಸೈಕಲ್‌ಗೇ ದಪ್ಪ ಟೈರ್ ಹಾಕಿಸ್ತೀನಿ" ಎನ್ನುವ ಹುಡುಗರಿದ್ದಾರೆ. ಟೈರ್ ಫ್ರೇಮಿನೊಳಗೆ ತೂರುವುದೇ ಇಲ್ಲ. ಮಾಮೂಲಿ ಗೇರ್ ಸೈಕಲ್ಲಿನ ಹಿಂದಿನ ಹಬ್ 135 ಮಿ.ಮೀ. ಅಗಲ, ಫ್ಯಾಟ್ ಬೈಕಿನದು ಹೆಚ್ಚಾಗಿ 170ರಿಂದ 197. ಪೆಡಲ್ ಎಕ್ಸೆಲ್ ಕೂರುವ ಕೊಳವೆ ಅಲ್ಲಿ 68 ಅಥವಾ 73, ಇಲ್ಲಿ 100 ಮಿ.ಮೀ. ಕಟ್ಟುವುದಾದರೆ ಫ್ರೇಮು, ಫೋರ್ಕಿನಿಂದಲೇ ಶುರುಮಾಡಬೇಕು. ಇರುವ ಫ್ಯಾಟ್ ಬೈಕಿಗೆ ಬಿಡಿಭಾಗ ತರಿಸುವಾಗಲೂ ಮೊದಲು ಅಳತೆ, ಆಮೇಲೆ ಆರ್ಡರ್.

ಸಸ್ಪೆನ್ಷನ್ ಫೋರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಅಗ್ಗದ ಫೋರ್ಕ್ ಕುಲುಕಾಟ ತಗ್ಗಿಸುವುದಕ್ಕಿಂತ ಭಾರ ಹೆಚ್ಚಿಸುತ್ತದೆ. ಆ ಕೆಲಸವನ್ನು ಸರಿಯಾದ ಗಾಳಿಯೇ ಬಹುಮಟ್ಟಿಗೆ ಮಾಡುತ್ತದೆ.

ದುಡ್ಡು ಸುರಿಯಬೇಕಾದ ಜಾಗ ಗೇರು. "21 ಗೇರ್ ಹಾಕಿಸಿದರೆ ಏರು ಸಲೀಸು" ಎನ್ನುತ್ತಾರೆ. ಗೇರು ಎಷ್ಟಿವೆ ಎನ್ನುವುದಕ್ಕಿಂತ ಅತಿ ಹಗುರದ್ದು ಎಷ್ಟು ಹಗುರ ಎಂದು ನೋಡಬೇಕು. 26 ಇಂಚಿನ ರಿಮ್‌ಗೆ ನಾಲ್ಕಿಂಚಿನ ಟೈರ್ ಕೂತರೆ ಚಕ್ರದ ಸುತ್ತಳತೆ ಸುಮಾರು 2.35 ಮೀಟರ್, 29 ಇಂಚಿನ ಸೈಕಲ್ಲಿನಷ್ಟೇ ಎತ್ತರ. ಮುಂದೆ 42 ಹಲ್ಲು, ಹಿಂದೆ 28 ಇದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಮೂರೂವರೆ ಮೀಟರ್ ದೂಡಬೇಕು. ಹದಿನೆಂಟು–ಇಪ್ಪತ್ತು ಕೆ.ಜಿ.ಯ ಉಕ್ಕಿನ ಸೈಕಲ್ಲಿನಲ್ಲಿ ಜೋಗಿಮಟ್ಟಿ ಏರಿಗೆ ಇದು ತೊಡೆ ಮುರಿಯುವ ಲೆಕ್ಕ. ಮುಂದೆ 28, ಹಿಂದೆ 34 ಮಾಡಿಸಿ; ಎರಡು ಮೀಟರಿಗೂ ಕಡಿಮೆಯಾಗುತ್ತದೆ. ಚೈನ್‌ವೀಲ್ ರಿವೆಟ್ ಹೊಡೆದದ್ದಾದರೆ ಕ್ರ್ಯಾಂಕ್ ಸಮೇತ ಬದಲಿಸಬೇಕು.

ಹಿಂದಿನ ಎಕ್ಸೆಲ್ ಪದೇ ಪದೇ ಬೆಂಡಾಗುತ್ತಿದ್ದರೆ ಸವಾರನ ತೂಕವನ್ನು ದೂರಬೇಡಿ. ತಿರುಪು ಫ್ರೀವೀಲ್ ಇರುವ ಹಬ್‌ನಲ್ಲಿ ಬಲಗಡೆಯ ಬೇರಿಂಗ್ ಒಳಕ್ಕಿರುತ್ತದೆ, ಅದರಾಚೆ ಎಕ್ಸೆಲ್ಲಿಗೆ ಆಸರೆಯೇ ಇಲ್ಲ. ಕ್ಯಾಸೆಟ್ ಹಬ್‌ನಲ್ಲಿ ಬೇರಿಂಗ್ ತುದಿಯ ಹತ್ತಿರವಿರುತ್ತದೆ. ಬಣ್ಣದ ರಿಮ್, ಹೊಸ ಹ್ಯಾಂಡಲ್ ಎಂದು ಕೂಡಿಟ್ಟ ದುಡ್ಡಿದ್ದರೆ ಅದನ್ನು ಈ ಹಬ್‌ಗೆ ಹಾಕಿ.