ಆಕಾಶದ ಹಂಬಲ, ನೆಲದ ಓಟ

ಹಾಸನ ಸೀಮೆಯವರಿಗೆ ಆಕಾಶದ ಕಡೆ ನೋಡುವ ಅಭ್ಯಾಸ ಹೊಸದಲ್ಲ. ಮಳೆಗಾಗಿ ನೋಡುವ ನೋಟ ಒಕ್ಕಲುತನದ ಮನೆಗಳಲ್ಲಿ ನಿತ್ಯದ್ದು. ಇನ್ನೊಂದು ಬಗೆಯ ನೋಟವೂ ಇಲ್ಲಿ ಬೆಳೆದು ಬಂದಿದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಲ್ಲಿ ನೆಲೆಗೊಂಡ ಮೇಲೆ, ಅದರ ಬೃಹತ್ ಬಿಳಿಯ ತಟ್ಟೆಗಳನ್ನು ನೋಡುತ್ತಲೇ ಒಂದು ತಲೆಮಾರಿನ ಮಕ್ಕಳು ದೊಡ್ಡವರಾದರು. ಮೇಲೆ ಏನೋ ಇದೆ, ಅದರೊಡನೆ ನಮ್ಮ ಊರಿಗೆ ಸಂಬಂಧವಿದೆ ಎಂಬ ಭಾವನೆ ಅವರಲ್ಲಿ ಸಹಜವಾಗಿಯೇ ಬೇರೂರಿತು.

ವಿಮಾನದ ಮಾತು ಬಂದಾಗ ಈ ಜಿಲ್ಲೆಯಲ್ಲಿ ಮೊದಲು ನೆನಪಾಗುವ ಊರು ಗೊರೂರು. ಹೇಮಾವತಿಯ ದಂಡೆಯ ಈ ಊರು ಇಬ್ಬರು ಆಕಾಶಯಾತ್ರಿಕರನ್ನು ಕೊಟ್ಟಿದೆ ಎಂದು ನಾವು ವಿನೋದಕ್ಕೆ ಹೇಳುವುದುಂಟು. ಒಬ್ಬರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. ಇಳಿವಯಸ್ಸಿನಲ್ಲಿ ಕಡಲಾಚೆಗೆ ಹಾರಿಹೋಗಿ ಬಂದು ‘ಅಮೇರಿಕಾದಲ್ಲಿ ಗೊರೂರು’ ಬರೆದರು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಇನ್ನೊಬ್ಬರು ಕ್ಯಾಪ್ಟನ್ ಜಿ. ಆರ್. ಗೋಪಿನಾಥ್.

ಗೋಪಿನಾಥರು 1951ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿ ಗೊರೂರಿನಲ್ಲಿ ಬೆಳೆದವರು. ತಂದೆ ಶಾಲಾ ಶಿಕ್ಷಕರು. ಬಿಜಾಪುರದ ಸೈನಿಕ ಶಾಲೆ, ಅಲ್ಲಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಲ್ಲಿಂದ ಸೇನೆ. 1971ರ ಯುದ್ಧವನ್ನು ಕಂಡವರು. ಎಂಟು ವರ್ಷಗಳ ಸೇವೆಯ ಬಳಿಕ ಕೆಲಸ ಬಿಟ್ಟು ಬಂದರು. ಆ ಹೊತ್ತಿಗೆ ಹೇಮಾವತಿ ಅಣೆಕಟ್ಟಿನಿಂದ ಮನೆತನದ ಜಮೀನು ಮುಳುಗಡೆಯಾಗಿತ್ತು. ಪರಿಹಾರವಾಗಿ ಜಾವಗಲ್ಲಿನ ಕಡೆ ಸಿಕ್ಕಿದ ಬರಡು ನೆಲದಲ್ಲಿ ಗುಡಾರ ಹಾಕಿಕೊಂಡು ಕೂತರು. ತೆಂಗಿನ ಸಸಿಗಳಿಗೆ ನೀರು ಹೊತ್ತು ಹಾಕಿದರು, ಸಾಲ ಮಾಡಿದರು, ನಷ್ಟ ಕಂಡರು. ಹಸು ಸಾಕಿದರು, ರೇಷ್ಮೆ ಬೆಳೆದರು. ಹಾಸನ ಪಟ್ಟಣದಲ್ಲಿ ಎನ್‌ಫೀಲ್ಡ್ ಮೋಟಾರ್ ಸೈಕಲ್ಲಿನ ಮಾರಾಟ ಮಳಿಗೆ, ಉಪಾಹಾರ ಗೃಹ, ಹೀಗೆ ಕೈಹಾಕದ ಕೆಲಸವಿಲ್ಲ. ರಾಸಾಯನಿಕಗಳನ್ನು ತೊರೆದು ರೇಷ್ಮೆ ಬೆಳೆದ ಅವರ ಪ್ರಯೋಗಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಮರುವರ್ಷವೇ ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯೆಲ್ ಅವರೊಡನೆ ಹೆಲಿಕಾಪ್ಟರ್ ಸಂಸ್ಥೆ. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್.

ಏರ್ ಡೆಕ್ಕನ್ ಎಷ್ಟು ವರ್ಷ ಬಾಳಿತು ಎಂಬುದಕ್ಕಿಂತ ಅದು ಯಾರನ್ನು ವಿಮಾನ ಹತ್ತಿಸಿತು ಎಂಬುದೇ ದೊಡ್ಡ ಮಾತೆಂದು ನಮ್ಮ ಎಣಿಕೆ. ಒಂದು ರೂಪಾಯಿಯ ಟಿಕೆಟ್ಟಿನ ಸುದ್ದಿ ಹಳ್ಳಿಹಳ್ಳಿಗೂ ಮುಟ್ಟಿತು. ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ ಆ ಸಂಸ್ಥೆಯ ಗುರುತಾದನು. ಆದರೆ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದ ಸರಕು ಎಷ್ಟು ದಿನ ನಡೆದೀತು? 2007ರಲ್ಲಿ ಅದರ ಪಾಲು ಕಿಂಗ್‌ಫಿಷರ್ ಪಾಲಾಯಿತು, 2008ರಲ್ಲಿ ಎರಡೂ ಒಂದಾದವು, 2012ರಲ್ಲಿ ಕಿಂಗ್‌ಫಿಷರೂ ನೆಲಕ್ಕಿಳಿಯಿತು. ಗೋಪಿನಾಥರ ಆತ್ಮಕಥೆಯನ್ನು ಆಧರಿಸಿದ ತಮಿಳು ಚಲನಚಿತ್ರ 2020ರಲ್ಲಿ ಬಂದ ಮೇಲೆ ನಮ್ಮ ಕಡೆಯ ಹುಡುಗರು ಅವರ ಹೆಸರನ್ನು ಹೊಸದಾಗಿ ಹೇಳತೊಡಗಿದ್ದಾರೆ. ಸಿನಿಮಾದಲ್ಲಿ ಜಾವಗಲ್ಲಿನ ಬಿಸಿಲು ಕಾಣುವುದಿಲ್ಲ ಎಂಬುದೊಂದೇ ನಮ್ಮ ಕೊರತೆ.

ನಮ್ಮ ಪರಿಚಯದ ಒಬ್ಬ ಗೃಹಸ್ಥರ ವಿಷಯವನ್ನು ಇಲ್ಲಿ ಹೇಳಬೇಕು. ಅರಕಲಗೂಡು ತಾಲ್ಲೂಕಿನ ಹಳ್ಳಿಯವರು, ಚನ್ನರಾಯಪಟ್ಟಣದಲ್ಲಿ ಪ್ರೌಢಶಾಲಾ ಶಿಕ್ಷಕರು. ಹೆಸರು ಬೇಡವೆಂದಿದ್ದಾರೆ. ವಿಮಾನವೆಂದರೆ ಅವರಿಗೆ ಬಾಲ್ಯದಿಂದಲೂ ಮೋಹ. ಥರ್ಮಾಕೋಲು, ಹಗುರವಾದ ಬಾಲ್ಸಾ ಮರ, ರಬ್ಬರ್ ಬ್ಯಾಂಡುಗಳಿಂದ ಮಾದರಿಗಳನ್ನು ಮಾಡಿ ಶಾಲೆಯ ಮೈದಾನದಲ್ಲಿ ಹಾರಿಸುತ್ತಾರೆ. ಸಂಜೆಯ ಹೊತ್ತು ಬಹು ಎತ್ತರದಲ್ಲಿ ಬಿಳಿಯ ಗೆರೆ ಎಳೆದುಕೊಂಡು ಹೋಗುವ ವಿಮಾನವನ್ನು ಕಂಡರೆ ಮಕ್ಕಳನ್ನು ನಿಲ್ಲಿಸಿ, ಅದು ಹೊಗೆಯಲ್ಲ, ಎಂಜಿನ್ನಿನಿಂದ ಹೊರಬಿದ್ದ ನೀರಾವಿ ಅಲ್ಲಿಯ ಚಳಿಗೆ ಮಂಜಿನ ಹರಳಾಗಿ ಕಾಣುತ್ತಿದೆ ಎಂದು ವಿವರಿಸುತ್ತಾರೆ. ಯಾವ ವಿಮಾನ, ಎಲ್ಲಿಂದ ಎಲ್ಲಿಗೆ ಎಂಬುದನ್ನು ಹಿಂದೆ ಊಹಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಈಗ ಮೊಬೈಲಿನಲ್ಲಿಯೇ ತಿಳಿಯುತ್ತದೆ. ‘ತಿಳಿದದ್ದು ಹೆಚ್ಚಾಯಿತು, ಸೊಗಸು ಕಡಿಮೆಯಾಯಿತು’ ಎನ್ನುತ್ತಾರೆ. 2005ರಲ್ಲಿ ತಾಯಿಯವರನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಏರ್ ಡೆಕ್ಕನ್ನಿನಲ್ಲಿ ಕರೆದೊಯ್ದಿದ್ದರು. ಆ ಎಟಿಆರ್ ವಿಮಾನದ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ಹೊಲ, ಕೆರೆ ಎಲ್ಲ ಕಾಣುತ್ತದೆ. ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡ ಆ ತಾಯಿ ದಾರಿಯುದ್ದಕ್ಕೂ ಕೆರೆಗಳನ್ನು ಎಣಿಸಿದರಂತೆ.

ಕೆಲವು ವರ್ಷಗಳ ಹಿಂದೆ, ನಲವತ್ತೆಂಟರ ವಯಸ್ಸಿನಲ್ಲಿ, ಈ ಮೇಷ್ಟ್ರಿಗೆ ರಕ್ತದೊತ್ತಡವಿರುವುದು ಗೊತ್ತಾಯಿತು. ಸಕ್ಕರೆಯೂ ಗಡಿಯಲ್ಲಿತ್ತು. ಅವರ ತಂದೆ ಐವತ್ತೆರಡಕ್ಕೆ ಹೃದಯಾಘಾತದಿಂದ ತೀರಿಕೊಂಡವರು. ಆಗ ಇವರಿಗೆ ಹತ್ತೊಂಬತ್ತು, ತಂಗಿಯರು ಇಬ್ಬರು, ಮನೆಯ ಭಾರವೆಲ್ಲ ಇವರ ಹೆಗಲಿಗೆ. ಈಗ ಅವರ ಮಗಳಿಗೂ ಸರಿಯಾಗಿ ಅದೇ ವಯಸ್ಸು ಸಮೀಪಿಸುತ್ತಿತ್ತು. ವೈದ್ಯರು ಮಾತ್ರೆ ಬರೆದರು, ನಡೆಯಿರಿ ಎಂದರು. ಇವರು ನಡಿಗೆಯಿಂದ ಓಟಕ್ಕೆ ಬಂದರು. ನಮ್ಮೊಡನೆ ಹೇಳಿದ ಮಾತು ಇದು: ‘ಪ್ರತಿ ಸಲ ಹಾರುವ ಮುನ್ನ ವಿಮಾನವನ್ನು ಸುತ್ತಿ ನೋಡುತ್ತಾರೆ, ಶಾಸ್ತ್ರಿಗಳೇ. ನಾನು ಈ ದೇಹವನ್ನು ಇಪ್ಪತ್ತು ವರ್ಷ ನೋಡದೆ ಶೆಡ್ಡಿನಲ್ಲಿ ನಿಲ್ಲಿಸಿದ್ದೆ.’

ಅವರು ಆರಂಭಿಸಿದ ಕ್ರಮ ಮೆಚ್ಚತಕ್ಕದ್ದು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಒಟ್ಟು ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ. ಪಕ್ಕದವರೊಡನೆ ಮಾತನಾಡಲಾಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಓಟದಲ್ಲಿ ದುಡಿಯುವ ಸ್ನಾಯುಗಳು ರಕ್ತದಲ್ಲಿಯ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅಭ್ಯಾಸವಾದಂತೆ ಹೃದಯ ಕಡಿಮೆ ಬಡಿತಗಳಲ್ಲಿ ಅದೇ ಕೆಲಸ ಮಾಡುವುದನ್ನು ಕಲಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮ, ಇಲ್ಲವೇ 75 ನಿಮಿಷ ಬಿರುಸಿನ ಶ್ರಮ ಬೇಕೆನ್ನುತ್ತದೆ. ಮೇಷ್ಟ್ರು ಆ ಲೆಕ್ಕವನ್ನು ತಲುಪಲು ಏಳು ತಿಂಗಳು ಹಿಡಿಯಿತು.

ದೊಡ್ಡ ತೊಡಕು ಊರಿನದು. ನಮ್ಮ ಕಡೆ ನಡುವಯಸ್ಸಿನ ಗಂಡಸು ಬೆಳಗಿನ ಜಾವ ಓಡುತ್ತಿದ್ದರೆ ಅದು ಸಾವಿನ ಸುದ್ದಿಯೇ ಆಗಿರಬೇಕು. ಮೊದಲ ವಾರ ಮೂವರು ಬೈಕು ನಿಲ್ಲಿಸಿ ‘ಯಾರಿಗೇನಾಯ್ತು ಮೇಷ್ಟ್ರೇ, ಹತ್ತಿ, ಬಿಡ್ತೀನಿ’ ಎಂದರಂತೆ. ಹೆಂಗಸರಿಗಂತೂ ಇದಕ್ಕಿಂತ ಕಷ್ಟ. ಅವರ ಪತ್ನಿಗೆ ರಸ್ತೆಗಿಳಿಯಲು ಒಂದು ವರ್ಷ ಬೇಕಾಯಿತು. ಈಗ ನೆರೆಯ ಇಬ್ಬರು ಸೊಸೆಯಂದಿರೊಡನೆ ಶಾಲೆಯ ಮೈದಾನದಲ್ಲಿ ಬಿರುನಡಿಗೆ ನಡೆಯುತ್ತಾರೆ. ಮನೆಯ ಹಿರಿಯರು ಇಂಥದ್ದಕ್ಕೆ ಅಡ್ಡಿ ಹೇಳದಿದ್ದರೆ ಅದೇ ದೊಡ್ಡ ಉಪಕಾರ. ಮೇಷ್ಟ್ರ ರಕ್ತದೊತ್ತಡ ಇಳಿದಿದೆ. ಮಾತ್ರೆಯನ್ನು ವೈದ್ಯರು ಅರ್ಧ ಮಾಡಿದ್ದಾರೆ, ಪೂರ್ತಿ ಬಿಡಿಸಿಲ್ಲ.

ಇನ್ನು, ಮಗನನ್ನೋ ಮಗಳನ್ನೋ ವೈಮಾನಿಕರನ್ನಾಗಿ ಮಾಡಬೇಕೆಂದಿರುವ ಮನೆಗಳಿಗೆ ಒಂದು ಮಾತು. ಹಾಸನಕ್ಕೆ ಸಮೀಪದ ಭುವನಹಳ್ಳಿಯ ವಿಮಾನ ನಿಲ್ದಾಣದ ಕೆಲಸ ಬಹುಕಾಲ ನಿಂತು 2021ರಲ್ಲಿ ಮತ್ತೆ ಕೈಗೆತ್ತಿಕೊಂಡಾಗಿನಿಂದ ಈ ಆಸೆ ಹೆಚ್ಚಿದೆ. ವಾಣಿಜ್ಯ ಪರವಾನಗಿಗೆ ಹದಿನೆಂಟು ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಅದಕ್ಕೆ ಹತ್ತಾರು ಲಕ್ಷ ರೂಪಾಯಿಯ ವೆಚ್ಚ. ಅದಕ್ಕಾಗಿ ಜಮೀನು ಮಾರುವ ಮಾತನ್ನು ಅರಕಲಗೂಡಿನಲ್ಲಿಯೂ ಹೊಳೆನರಸೀಪುರದಲ್ಲಿಯೂ ನಾವು ಕೇಳಿದ್ದೇವೆ. ಕಾಗದಕ್ಕೆ ಸಹಿ ಹಾಕುವ ಮುನ್ನ ಮಕ್ಕಳಿಗೆ ವೈದ್ಯಕೀಯ ಪರೀಕ್ಷೆ ಮಾಡಿಸಿರಿ. ದೃಷ್ಟಿ, ಕಿವಿ, ಹೃದಯ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ನೋಡುತ್ತಾರೆ. ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದ ದೋಷ ಹುಟ್ಟಿನಿಂದ ಬರುವಂಥದು, ಗಂಡುಮಕ್ಕಳಲ್ಲಿ ಹೆಚ್ಚು. ಮನೆಯವರಿಗೆ ಎಷ್ಟೋ ವೇಳೆ ತಿಳಿದೇ ಇರುವುದಿಲ್ಲ. ಬೆಂಗಳೂರಿನಲ್ಲಿಯೇ ವಾಯುಸೇನೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಿದೆ. ಪರವಾನಗಿ ಸಿಕ್ಕ ಮೇಲೂ ಈ ಪರೀಕ್ಷೆ ನಿಯತಕಾಲಕ್ಕೆ ಬರುತ್ತಲೇ ಇರುತ್ತದೆ, ತಪ್ಪಿದರೆ ಹಾರುವಂತಿಲ್ಲ. ಹೀಗಾಗಿ ಹಾರಬಯಸುವ ಹುಡುಗ ಓಡುವುದನ್ನು ಈಗಲೇ ಕಲಿತರೆ ನಷ್ಟವಿಲ್ಲ. ಅಷ್ಟು ದೂರದ ಆಸೆ ಇಲ್ಲದ ಮಕ್ಕಳಿಗೆ ಬೆಂಗಳೂರಿನ ಎಚ್‌ಎಎಲ್ ವಸ್ತು ಸಂಗ್ರಹಾಲಯವೇ ಒಂದು ದಿನದ ಹಬ್ಬ.

ಓಡುವ ಜಾಗದ ವಿಷಯ. ಬೆಂಗಳೂರು–ಮಂಗಳೂರು ಹೆದ್ದಾರಿಯ ಅಂಚು ಖಂಡಿತ ಬೇಡ. ಹೇಮಾವತಿಯ ಎಡದಂಡೆ ನಾಲೆ ಚನ್ನರಾಯಪಟ್ಟಣದ ಕಡೆಗೂ ಬಲದಂಡೆ ನಾಲೆ ಅರಕಲಗೂಡು, ಹೊಳೆನರಸೀಪುರಗಳ ಕಡೆಗೂ ಹರಿಯುತ್ತವೆ. ಅವುಗಳ ಪಕ್ಕದ ಮಣ್ಣಿನ ದಾರಿ ಮಂಡಿಗೆ ಹಿತ. ಮಳೆಗಾಲದಲ್ಲಿ ಏರಿ ಜಾರುತ್ತದೆ, ನಾಲೆಯ ಗೋಡೆ ಹತ್ತಿ ಬರಲು ಆಸರೆಯಿರುವುದಿಲ್ಲ. ಆದ್ದರಿಂದ ನೀರು ಬಿಟ್ಟ ದಿನಗಳಲ್ಲಿ ಒಬ್ಬೊಬ್ಬರೇ ಹೋಗಬಾರದು. ನಲವತ್ತು ದಾಟಿದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಸಕ್ಕರೆಗೆ ಮಾತ್ರೆ ನುಂಗುವವರು ಜೇಬಿನಲ್ಲಿ ಒಂದು ಅಚ್ಚು ಬೆಲ್ಲ ಇಟ್ಟುಕೊಂಡಿರಲಿ. ನಾಯಿಗಳಿಗೆ ಮೇಷ್ಟ್ರು ಕಂಡುಕೊಂಡ ಉಪಾಯ, ಅವುಗಳ ಮುಂದೆ ಓಡದೆ ನಡೆದುಬಿಡುವುದು.