ಗಣಕಯಂತ್ರದ ಸ್ಥಳೀಯ ವಿಳಾಸನಿರ್ಣಯ

ಜಾಲಕ್ಕೆ ಸೇರಿದ ಗಣಕಯಂತ್ರಕ್ಕೆ ವಿಳಾಸವು ಒಂದೇ ಎಂಬ ಭಾವನೆಯು ಸಾಧುವಲ್ಲ. ವಿಳಾಸವು ಯಂತ್ರಕ್ಕೆ ಸೇರಿದುದಲ್ಲ, ಅದರ ಒಂದೊಂದು ಜಾಲದ್ವಾರಕ್ಕೆ ಸೇರಿದುದು. ಐಪಿ ನಾಲ್ಕನೆಯ ಆವೃತ್ತಿಯಲ್ಲಿ ತಂತಿಯ ದ್ವಾರಕ್ಕೊಂದು, ವೈಫೈ ದ್ವಾರಕ್ಕೊಂದು. ತನ್ನೊಡನೆ ತಾನೇ ಮಾತನಾಡುವುದಕ್ಕೆ 127.0.0.1 ಎಂಬುದು ಮತ್ತೊಂದು. ಮನೆ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣತಕ್ಕವು, 1996ರ ಆರ್‌ಎಫ್‌ಸಿ 1918 ಎಂಬ ಲೇಖ್ಯವು ಆಂತರಿಕ ಜಾಲಗಳಿಗೆಂದು ವಿಧಿಸಿದ, 10, 172.16ರಿಂದ 172.31, 192.168 ಎಂಬ ಆದಿಭಾಗವುಳ್ಳ ವಿಳಾಸಗಳು.

ಯಂತ್ರದ ಹೆಸರನ್ನು ಕೇಳಿ, ಆ ಹೆಸರಿನಿಂದ ವಿಳಾಸವನ್ನು ತೆಗೆಯುವುದು ಸುಲಭಮಾರ್ಗವೆಂದು ತೋರುವುದು. ಆದರೆ ಡೆಬಿಯನ್ ವ್ಯವಸ್ಥೆಯಲ್ಲಿ ಅನೇಕವೇಳೆ 127.0.1.1 ಎಂಬ ಉತ್ತರವು ಬರುವುದು. ಅದನ್ನು ನೆರೆಯ ಯಂತ್ರಕ್ಕೆ ತಿಳಿಸಿದರೆ ಆ ಯಂತ್ರವು ತನ್ನನ್ನೇ ತಾನು ಕರೆದುಕೊಳ್ಳುವುದು.

ಸೈಂಧವವೆಂದರೆ ಭೋಜನಕಾಲದಲ್ಲಿ ಉಪ್ಪು, ಪ್ರಯಾಣಕಾಲದಲ್ಲಿ ಕುದುರೆ; ಅರ್ಥವನ್ನು ನಿಯಮಿಸತಕ್ಕುದು ಪ್ರಕರಣ. ಇಲ್ಲಿಯೂ ಹಾಗೆಯೇ, ಯಾವ ಗಮ್ಯದ ಕಡೆಗೆ ಎಂಬುದನ್ನು ಮೊದಲು ಹೇಳತಕ್ಕುದು. ಪೈಥಾನ್ ಭಾಷೆಯಲ್ಲಿ ಯುಡಿಪಿ ಬಗೆಯ ಸಾಕೆಟ್ಟೊಂದನ್ನು ತೆರೆದು, ಹೊರಗಿನದೊಂದು ವಿಳಾಸಕ್ಕೆ ಕನೆಕ್ಟ್ ಮಾಡಿ, ಬಳಿಕ ಗೆಟ್‌ಸಾಕ್‌ನೇಮ್ ಎಂಬ ಕ್ರಿಯೆಯಿಂದ ಪ್ರಶ್ನಿಸಬೇಕು. ಯುಡಿಪಿಯಲ್ಲಿ ಕನೆಕ್ಟ್ ಮಾತ್ರದಿಂದ ಒಂದು ಪೊಟ್ಟಣವೂ ಹೊರಡದು. ವ್ಯವಸ್ಥೆಯು ತನ್ನ ಮಾರ್ಗಪಟ್ಟಿಯನ್ನು ನೋಡಿ ದ್ವಾರವನ್ನೂ ವಿಳಾಸವನ್ನೂ ನಿಶ್ಚಯಿಸುವುದು. ಮಾರ್ಗವೇ ಇಲ್ಲದಿದ್ದರೆ ದೋಷವನ್ನು ತಿಳಿಸುವುದು. ತಪ್ಪು ವಿಳಾಸಕ್ಕಿಂತ ಈ ನಿಷೇಧೋತ್ತರವೇ ಲೇಸು.