ಮೊಟ್ಟೆಯೊಳಗೆ ಕಂಬಳಿ

ತೆಂಗಿನಕಾಯಿಗೆ ಕಾಗದ ಸುತ್ತಿ ನೋಡಿ. ಎಷ್ಟು ನಾಜೂಕಾಗಿ ಸುತ್ತಿದರೂ ಎಲ್ಲೋ ಒಂದು ಕಡೆ ನೆರಿಗೆ ಬಿದ್ದೇ ಬೀಳುತ್ತದೆ. ಈಗ ಆ ಕಾಯನ್ನು 13 ಅಡಿ ಉದ್ದಕ್ಕೆ ಬೆಳೆಸಿ, ನೀವೇ ಒಳಹೊಕ್ಕು, ಅದರ ಒಳಮೈಗೆ ಒಂದೂ ನೆರಿಗೆಯಿಲ್ಲದಂತೆ ಬಟ್ಟೆ ಅಂಟಿಸಬೇಕು ಎಂದುಕೊಳ್ಳಿ. ಕೆನಡಾ, ಅಮೆರಿಕಗಳಲ್ಲಿ ಹಳೆಯ ಫೈಬರ್‌ಗ್ಲಾಸ್ ಟ್ರೇಲರ್‌ಗಳಿಗೆ ಮರುಜೀವ ಕೊಡುವವರ ಕೆಲಸ ಇದೇ.

ಟ್ರೇಲರ್ ಎಂದರೆ ನಮಗೆ ನೆನಪಾಗುವುದು ಟ್ರ್ಯಾಕ್ಟರ್ ಹಿಂದೆ ಕಬ್ಬು ಹೇರಿಕೊಂಡು ತೂಗಾಡುತ್ತ ಹೋಗುವುದು. ಇದರ ಜಾತಿಯೇ ಬೇರೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಪುಟ್ಟ ಮನೆ. ವಿನಿಪೆಗ್‌ನ ರೇ ಒಲೆಕೊ 1968ರಲ್ಲಿ ‘ಬೋಲರ್’ ಎಂಬ ಇಂಥ ಮನೆಯನ್ನು ಮಾರುಕಟ್ಟೆಗೆ ತಂದ. ಅದಕ್ಕೂ ಮೊದಲು ಆತ ಫೈಬರ್‌ಗ್ಲಾಸಿನಲ್ಲಿ ರೂಪಿಸಿದ್ದು ಸೆಪ್ಟಿಕ್ ಟ್ಯಾಂಕು! ಟ್ಯಾಂಕಿನ ಗುಣವೆಲ್ಲ ಮನೆಗೂ ಬಂತು: ಹಗುರ, ತುಕ್ಕಿಲ್ಲ. ಮೇಲೊಂದು, ಕೆಳಗೊಂದು ಅಚ್ಚಿನಿಂದ ತೆಗೆದ ಹೋಳು, ನಡುವೆ ಒಂದೇ ಬೆಸುಗೆ, ನೋಡಲು ಥೇಟ್ ಮೊಟ್ಟೆ. ಮಿನ್ನೆಸೋಟದ ಸ್ಕ್ಯಾಂಪ್, ಟೆಕ್ಸಸ್‌ನ ಕಸಿಟಾ ಕೂಡ ಇದೇ ಮೊಟ್ಟೆಯ ವಂಶದವು.

ಮೊಟ್ಟೆಗೆ ನೇರ ಗೋಡೆ ಇರುವುದಿಲ್ಲವಲ್ಲ, ಹಾಗಾಗಿ ಒಳಗೆ ಪ್ಲೈವುಡ್ ಹೊಡೆಯುವ ಮಾತೇ ಇಲ್ಲ. ಹಳೆಯ ಬೋಲರ್‌ಗಳಲ್ಲಿ ರೆಕ್ಸಿನ್‌ನಂಥ ಮುಖವಿರುವ ತೆಳು ಫೋಮ್ ಅಂಟಿಸುತ್ತಿದ್ದರು. ವರ್ಷಗಳು ಕಳೆದಂತೆ ಅಂಟು ಸಡಿಲಿ ಅದು ಚಾವಣಿಯಿಂದ ಜೋತು ಬೀಳುತ್ತದೆ. ಅದನ್ನು ಕಿತ್ತವರು ಈಗ ಹೆಚ್ಚಾಗಿ ಹಾಕುವುದು ದೋಣಿಗಳ ಒಳಮೈಗೆ ಬಳಸುವ ಕಾರ್ಪೆಟ್. ಇದನ್ನು ನೇಯುವುದಿಲ್ಲ, ಸಿಂಥೆಟಿಕ್ ಎಳೆಗಳನ್ನು ಮುಳ್ಳುಸೂಜಿಗಳಿಂದ ಚುಚ್ಚಿ ಚುಚ್ಚಿ ಕಂಬಳಿಯಂತೆ ಒತ್ತಾಗಿಸುತ್ತಾರೆ. ಹಾಸು ಹೊಕ್ಕು ಇಲ್ಲದ್ದರಿಂದ ಯಾವ ಕಡೆ ಎಳೆದರೂ ಹಿಗ್ಗುತ್ತದೆ, ಉಬ್ಬಿದಲ್ಲಿ ಉಬ್ಬಿ ತಗ್ಗಿದಲ್ಲಿ ತಗ್ಗುತ್ತದೆ. ಸ್ಕ್ಯಾಂಪ್ ಮಾಲೀಕರು ತಮ್ಮ ಗೋಡೆಯ ಇಂಥದೇ ಹೊದಿಕೆಯನ್ನು ‘ಇಲಿ ತುಪ್ಪಳ’ ಎಂದು ಗೇಲಿ ಮಾಡುತ್ತಾರೆ. ನನಗಂತೂ ಅದು ನಮ್ಮ ಕಾರುಗಳ ಡಿಕ್ಕಿಯೊಳಗಿನ ಬೂದು ಮ್ಯಾಟಿನ ಒಡಹುಟ್ಟಿನಂತೆ ಕಾಣುತ್ತದೆ.

ಅಂಟಿನ ವಿದ್ಯೆ ಮಾತ್ರ ನಮಗೆ ಹೊಸದಲ್ಲ. ಚಪ್ಪಲಿ ರಿಪೇರಿಯವರು, ಕುಷನ್ ವರ್ಕ್ಸ್‌ನವರು ಎಸ್‌ಆರ್ ಗಮ್ ಹಚ್ಚುವುದನ್ನು ನೋಡಿದ್ದೀರಲ್ಲ, ಅದೇ ಕ್ರಮ. ಗೋಡೆಗೂ ಬಟ್ಟೆಯ ಬೆನ್ನಿಗೂ ಎರಡಕ್ಕೂ ಹಚ್ಚಬೇಕು, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕೈಕಟ್ಟಿ ಕೂರಬೇಕು. ಆಮೇಲೆ ಒತ್ತಿದರೆ ಒತ್ತಿದಂತೆಯೇ. ಸರಿಸಿ ಕೂರಿಸಲು ಬರುವುದಿಲ್ಲ. ಅದಕ್ಕೇ ಒಂದೇ ಸಲಕ್ಕೆ ಇಡೀ ಗೋಡೆಗೆ ಕೈ ಹಾಕುವುದಿಲ್ಲ. ಮಧ್ಯದಿಂದ ಶುರುಮಾಡಿ, ಅಂಗೈಯಿಂದ ಗಾಳಿಯನ್ನು ಅಂಚಿಗೆ ತಳ್ಳುತ್ತ, ಗೇಣುಗೇಣಾಗಿ ಮುಂದುವರಿಯುತ್ತಾರೆ. ಬಿಸಿಲಿಗೆ ಚಾವಣಿ ಕಾದಾಗ ಸಾದಾ ಅಂಟು ಮೆತ್ತಗಾಗುತ್ತದೆ, ಹೆಚ್ಚು ಶಾಖ ತಡೆಯುವುದೇ ಬೇಕು. ಅದರ ಆವಿ ತಲೆ ತಿರುಗಿಸುತ್ತದೆ, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬಾಗಿಲು ತೆರೆದೇ ಇರಬೇಕು.

ನಿಜವಾದ ಶತ್ರು ನೀರು. ಮಳೆ ನೀರಲ್ಲ, ಉಸಿರಿನದು. ಇಬ್ಬರು ಒಳಗೆ ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರು, ಬೆವರಿನಿಂದಲೇ ಸುಮಾರು ಅರ್ಧ ಲೀಟರ್ ನೀರು ಗಾಳಿ ಸೇರುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಮೈ ಬೆವರುವಂತೆ ಚಳಿರಾತ್ರಿಯಲ್ಲಿ ಫೈಬರ್‌ಗ್ಲಾಸ್ ಗೋಡೆ ಬೆವರುತ್ತದೆ. ಬರೀ ಗೋಡೆಯಾದರೆ ಒರೆಸಬಹುದು. ಕಾರ್ಪೆಟ್ಟಿನ ಹಿಂದೆ ಇಳಿದ ತೇವ ಕಣ್ಣಿಗೆ ಕಾಣದು, ಮುಗ್ಗಲು ವಾಸನೆಯಾಗಿ ಮೂಗಿಗೆ ಬಡಿಯುತ್ತದೆ. ಅದಕ್ಕಾಗಿ ಬಟ್ಟೆಗಿಂತ ಮೊದಲು ನೀರು ಕುಡಿಯದ ಫೋಮನ್ನು ಸಂದಿಲ್ಲದಂತೆ ಅಂಟಿಸುವವರಿದ್ದಾರೆ. ಅದನ್ನೂ ಮಾಡಿ, ಚಾವಣಿಯ ಗಾಳಿಕಿಂಡಿಯನ್ನು ರಾತ್ರಿಯೆಲ್ಲ ಬೆರಳಗಲ ತೆರೆದಿಡುವುದೇ ಜಾಣತನ.

ಕಿಟಕಿಗಳ ಸರದಿ ಕೊನೆಗೆ. ಚೌಕಟ್ಟು ಬಿಚ್ಚಿ, ತೂತು ಬಿಟ್ಟ ಜಾಗದ ಮೇಲೂ ಬಟ್ಟೆಯನ್ನು ಹಾಗೇ ಎಳೆದು ಅಂಟಿಸಿರುತ್ತಾರೆ, ಒಳಗೆಲ್ಲ ಮಬ್ಬು. ಬೆರಳಿನಿಂದ ತೂತಿನ ಅಂಚನ್ನು ತಡವಿ ಹುಡುಕಿ, ಹೊಸ ಬ್ಲೇಡಿನಿಂದ ನಡುವೆ ಅಡ್ಡಕ್ಕೊಂದು ಉದ್ದಕ್ಕೊಂದು ಗೀರು ಎಳೆಯುತ್ತಾರೆ. ನಾಲ್ಕು ಮೂಲೆಗಳೂ ಮಡಚಿಕೊಂಡು, ಬೆಳಕು ಒಮ್ಮೆಲೇ ಎದುರು ಗೋಡೆಯ ತುಪ್ಪಳದ ಮೇಲೆ ಬೀಳುತ್ತದೆ.